ಬಲಗಾಲಿನ ಹಲಗೆ

ಆ ದಿನ ಬೆಳಕು ಹರಿಯುವ ಮೊದಲೇ ಎದ್ದ ಗಾಳಿ ಇನ್ನೂ ತಣಿದಿರಲಿಲ್ಲ. ಬೀದಿಯ ಧೂಳನ್ನೆಲ್ಲ ಅಂಗಡಿಯೊಳಗೆ ತಂದು ಸುರಿಯುತ್ತಿತ್ತು. ಮೂರನೆಯ ಸಲ ಬಾಗಿಲು ದಢಾರನೆ ಬಡಿದಾಗ ಮಿಷಿನ್ ರಿಪೇರಿಯವನು ಮೂಲೆಯಲ್ಲಿ ಬಿದ್ದಿದ್ದ ಹಲಗೆ ತುಂಡೊಂದನ್ನು ಕಾಲಿನಿಂದಲೇ ತಳ್ಳಿ ಅದರಡಿಗೆ ಒತ್ತಿದ. ತಲೆಯೆತ್ತಿದರೆ ತಳ್ಳುಗಾಡಿಯ ಮೇಲೆ ಅದೇ ಹೊಲಿಗೆ ಮಿಷಿನ್ ಬರುತ್ತಿತ್ತು. ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಅವಳ ಮಗಳು.

ದೇವರೇ, ಇದು ನಾಲ್ಕನೇ ಸಲ, ಎಂದುಕೊಂಡ.

ಅಜ್ಜಿಯ ಅತ್ತೆಯ ಕಾಲದ ಮಿಷಿನ್ ಅದು. ಗಂಡ ಹೋದ ಮೇಲೆ ಆರು ವರ್ಷ ಮೂಲೆಯಲ್ಲಿ ತುಕ್ಕು ತಿಂದಿತ್ತು. ಇವನು ಎರಡು ತಿಂಗಳು ಹೆಣಗಿದ್ದ. ಸೀಮೆಎಣ್ಣೆಯಲ್ಲಿ ನೆನೆಸಿ ತಿಕ್ಕಿ, ಹೊಸ ಬೆಲ್ಟು ಹಾಕಿ, ಪೆಡಲಿಗೆ ಸುತ್ತಿದ್ದ ಜಿಡ್ಡು ಗೋಣಿತಾಟನ್ನು ಕಿತ್ತೆಸೆದು, ಕಬ್ಬಿಣದ ಹೂಬಳ್ಳಿ ಕಾಣುವಂತೆ ಬಣ್ಣ ಬಳಿದಿದ್ದ. ಅವನು ತುಳಿದರೆ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಓಡುತ್ತಿತ್ತು. ಅಜ್ಜಿ ತುಳಿದರೆ ಚಕ್ರ ಹಿಂದಕ್ಕೆ ತಿರುಗಿ ದಾರ ಕಡಿಯುತ್ತಿತ್ತು.

"ಏನಜ್ಜಿ, ಇವತ್ತೇನಂತೆ ಇದಕ್ಕೆ?"

"ಇದು ನನ್ನ ಮಿಷಿನ್ ಅಲ್ಲಪ್ಪ. ನೀನು ಬದಲಾಯಿಸಿದೀಯ."

"ಬದಲಾಯಿಸೋಕೆ ಇದೇನು ಬಾಗಿಲಲ್ಲಿ ಬಿಟ್ಟ ಚಪ್ಪಲೀನಾ?"

"ಅಮ್ಮ, ಸುಮ್ನಿರು," ಎಂದಳು ಮಗಳು. "ಇವತ್ತೂ ಓಡ್ಲಿಲ್ಲ ಅಂದ್ರೆ ಗುಜರಿಯವನಿಗೆ. ಮಾತಾಗಿದೆ."

ಅವನು ಕೂತು ಚಿಂದಿಯೊಂದನ್ನು ಹೊಲಿದು ತೋರಿಸಿದ. ಇರುವೆ ಸಾಲಿನಂಥ ಹೊಲಿಗೆ. "ನೋಡಿ. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಮಿಷಿನ್ ಸರಿಯಾಗೇ ಇದೆ. ತಪ್ಪಿರೋದು ಕಾಲಲ್ಲಿ. ವಯಸ್ಸಾಯ್ತು, ಬಿಟ್ಬಿಡಿ."

ಅಜ್ಜಿ ಸಿಟ್ಟಾಗಲಿಲ್ಲ. ಅವನಿಗೆ ಅದೇ ಕಷ್ಟವಾಯಿತು.

"ಇರಬಹುದಪ್ಪ. ಐವತ್ತು ವರ್ಷ ತುಳಿದಿದ್ದು. ಒಂದ್ಸಲ ಕೂತು ಎದ್ದುಬಿಡ್ತೀನಿ. ಆಮೇಲೆ ಕೊಟ್ಬಿಡಿ."

ಚಪ್ಪಲಿ ಬಿಟ್ಟು, ಮಿಷಿನ್ನಿಗೆ ಕೈಮುಗಿದು ಕೂತಳು. ಉರುಳಿದ ದಾರದುಂಡೆ ಹೆಕ್ಕಲು ಅವನು ಬಗ್ಗಿದ. ಬಲಗಾಲಿನ ಚಪ್ಪಲಿಗೆ ಅಟ್ಟೆ ಎರಡು ಪದರ ಹೆಚ್ಚಿತ್ತು. ನಾಲ್ಕು ಸಲ ಬಂದರೂ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಮೇಜಿನಡಿಯಲ್ಲಿ ಅಜ್ಜಿಯ ಎಡಗಾಲು ಪೆಡಲಿನ ಮೇಲೆ ಪೂರ್ತಿ ಕೂತಿತ್ತು. ಬಲಗಾಲಿನ ಬೆರಳುಗಳಷ್ಟೇ ತಾಗಿ, ಹಿಮ್ಮಡಿ ಗಾಳಿಯಲ್ಲಿ ಏನನ್ನೋ ತಡಕುತ್ತಿತ್ತು.

ಗೋಣಿತಾಟಿನ ಕೆಳಗೆ, ಬಲಮಗ್ಗುಲಲ್ಲಿ, ತಂತಿ ಬಿಗಿದಿದ್ದ ಹಲಗೆ ತುಂಡು ಅವನಿಗೆ ನೆನಪಾಯಿತು. ಯಾವನೋ ಪೆದ್ದ ರಿಪೇರಿಯವನ ಕೆಲಸವೆಂದು ಬೈದುಕೊಂಡೇ ಬಿಚ್ಚಿ ಮೂಲೆಗೆಸೆದಿದ್ದ.

"ಅಜ್ಜಿ, ಪೆಡಲಿಗೆ ಗೋಣಿ ಸುತ್ತಿದ್ದು ಯಾರು?"

"ನಮ್ಮನೆಯವರು. ಮದುವೆಯಾದ ವರ್ಷ. ಕಬ್ಬಿಣ ತಣ್ಣಗಿರತ್ತೆ, ಕಾಲಿಗೆ ಒಳ್ಳೇದಲ್ಲ ಅಂದಿದ್ರು."

"ಒಳಗೇನಾದ್ರೂ ಇಟ್ಟಿದ್ರಾ?"

"ಗೋಣಿ ಒಳಗೆ ಇನ್ನೇನಿರತ್ತೆ?"

ಅವನು ಬಾಗಿಲಿಗೆ ಹೋಗಿ ಬಗ್ಗಿ, ಅದರಡಿಯ ಹಲಗೆ ತುಂಡನ್ನು ಎಳೆದುಕೊಂಡ. ಬಾಗಿಲು ದಢಾರನೆ ಬಡಿಯಿತು. "ಗಾಡಿಯವನು ಕಾಯ್ತಿದಾನೆ," ಎಂದಳು ಮಗಳು.

"ಕಾಯಲಿ. ಮನೆಗೇ ವಾಪಸ್ ಒಯ್ಬೇಕು."

ಹಲಗೆಯ ಧೂಳನ್ನು ಅಂಗಿಯ ತುದಿಯಿಂದ ಒರೆಸಿದ. ಮೇಲ್ಭಾಗದಲ್ಲಿ ಗೋಣಿಯ ಎಳೆಗಳ ಗುರುತು. ನಡುವೆ ಹಿಮ್ಮಡಿಯಷ್ಟಗಲ ಸವೆದು ನುಣುಪಾದ ಗುಳಿ.

"ಇದು ನಿಮ್ಮದು, ಅಜ್ಜಿ," ಎಂದು ಎರಡೂ ಕೈಯಲ್ಲಿ ಹಿಡಿದು ಅವಳ ಮಡಿಲಲ್ಲಿಟ್ಟ.

ಅಜ್ಜಿ ಅದನ್ನು ತಿರುಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಹೆಬ್ಬೆರಳು ಆ ಗುಳಿಯಲ್ಲಿ ತಾನಾಗಿ ಹೋಗಿ ಕೂತಿತು.