ಮೂರನೆಯ ಚೌಕ

ವೀರಭದ್ರಪ್ಪ ಕೆಂಪು ಪೆನ್ಸಿಲಿನಿಂದ ಹೆಂಡತಿ ಬರೆದ ನಕ್ಷೆಯ ಗೆರೆಯೊಂದನ್ನು ಹೊಡೆದು ಹಾಕಿದಾಗ ವನಜಾಳ ಕೈಯಲ್ಲಿದ್ದ ಚಹದ ಕಪ್ಪು ಬಸಿಯ ಮೇಲೆ ಟಕ್ಕೆಂದಿತು.

"ಇದೊಂದು ಯಾಕ ಸೀದಾ ಬ್ಯಾಟರಿಯಿಂದ ಹೊಂಟೈತಿ? ಪಂಪೇನು ನಿನ್ನ ತವರುಮನಿ ಕಡೀದೇನು, ಬ್ಯಾರೆ ದಾರಿ ಮಾಡಿಕೊಟ್ಟೀಯಲ್ಲ?"

ಎದುರಿಗೆ ಕೂತಿದ್ದ ಅಮರೇಶಪ್ಪ ನಕ್ಕ. ಒಂದೇ ಕಾರ್ಖಾನೆಯ ಈ ಇಬ್ಬರು ಗೆಳೆಯರು ಕೂಕಟ್‌ಪಲ್ಲಿಯಲ್ಲಿದ್ದ ಅಮರೇಶಪ್ಪನ ಹಿತ್ತಲಿನಲ್ಲಿ ಒಂದೂವರೆ ವರ್ಷದಿಂದ ಹಾಯಿದೋಣಿ ಕಟ್ಟುತ್ತಿದ್ದರು. ಮೂವರು ಕೂರುವಷ್ಟು ಸಣ್ಣದು, ಹೈದರಾಬಾದಿನ ಹುಸೇನ್‌ಸಾಗರ ಕೆರೆಯಲ್ಲಿ ಬಿಡುವುದಕ್ಕೆ. ಮರದ ಕೆಲಸ, ಹಾಯಿಯ ಕೆಲಸ ಅವರೇ ನೋಡಿಕೊಂಡರು. ವೈರಿಂಗಿನ ನಕ್ಷೆ ಮಾತ್ರ ವನಜಾಳ ಪಾಲಿಗೆ ಬಂತು. ಅದೇ ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳು ಬರೆಯುತ್ತಿದ್ದದ್ದೇ ವೈರಿಂಗಿನ ನಕ್ಷೆಗಳನ್ನು.

"ದೀಪ, ಫ್ಯಾನು ಎಲ್ಲಾ ಮೇನ್ ಸ್ವಿಚ್ಚಿನ ಕೆಳಗ ಅದಾವ್ರಿ. ನೀರು ಎತ್ತಿ ಚೆಲ್ಲೂ ಪಂಪು ಒಂದ ಅದರ ಹೊರಗ ಇರಬೇಕು. ದೋಣ್ಯಾಗ ಯಾರೂ ಇಲ್ಲದಾಗ ನೀರು ತುಂಬಿದ್ರ ಅದು ತಾನ ಚಾಲೂ ಆಗಬೇಕಲ್ಲ? ಅದರ ಸಲುವಾಗಿ ಬ್ಯಾರೆ ಫ್ಯೂಸ್ ಹಾಕೀನಿ."

"ಮೇನ್ ಬಂದ್ ಮಾಡಿದ್ರ ಎಲ್ಲಾ ಬಂದ್ ಆಗಬೇಕು. ಇಲ್ಲಾಂದ್ರ ಅದಕ್ಕ ಮೇನ್ ಅಂತ ಯಾಕ ಅನಬೇಕು?"

ಊರಿಗೆ ಹೊರಟಾಗ ಮೇನ್ ಇಳಿಸುವುದು ವೀರಭದ್ರಪ್ಪನ ಮನೆತನದ ಶಾಸ್ತ್ರ. ಮೊದಲು ಹಿಂದಿನ ಬಾಗಿಲ ಚಿಲಕ, ಆಮೇಲೆ ಗ್ಯಾಸು, ಕೊನೆಗೆ ಮೇನು. ನಂತರ ಬೀಗವನ್ನು ಮೂರು ಸಲ ಜಗ್ಗಿ ನೋಡುವುದು. ಅವನ ಅಪ್ಪನೂ ಹಾಗೆಯೇ ಮಾಡುತ್ತಿದ್ದ.

"ದೋಣಿ ಮನಿ ಅಲ್ರಿ. ಮುಳುಗತೈತಿ."

"ಶುಭ ನುಡೀವಾ ಅಂದ್ರ..." ಎಂದು ವೀರಭದ್ರಪ್ಪ ಗೆಳೆಯನ ಕಡೆ ನೋಡಿದ. ಹೊಡೆದುಹಾಕಿದ ಗೆರೆಯ ಪಕ್ಕದಲ್ಲಿ 'ಪಂಪು ಮೇನಿನ ನಂತರ' ಎಂದು ಬರೆದು, ತಾರೀಖು ಹಾಕಿ, ಹಾಳೆಯ ಮೂಲೆಗೆ ಬಂದ. ಅಲ್ಲಿ ಮೂರು ಚೌಕಗಳಿದ್ದವು: ಬರೆದವರು, ಪರಿಶೀಲಿಸಿದವರು, ಒಪ್ಪಿದವರು. ಮನೆಯ ಊಟದ ಮೇಜಿನ ಮೇಲೆ, ಗಂಡನ ದೋಣಿಗೆ ಬರೆದ ನಕ್ಷೆಗೂ ಅವಳ ಕೈ ಆ ಮೂರು ಚೌಕ ಎಳೆದುಬಿಟ್ಟಿತ್ತು. ಅವನು ಲೆಕ್ಕಪತ್ರ ವಿಭಾಗದವನು. ಆದರೂ ಮೂರನೆಯ ಚೌಕದಲ್ಲಿ, ಅದು ತನಗೇ ಬಿಟ್ಟದ್ದೆಂಬಂತೆ, ರುಜು ಮಾಡಿದ.

ವನಜಾ ಹಾಳೆಯನ್ನು ಎತ್ತಿಕೊಂಡು ಒಳಗೆ ಹೋದಳು. ಕೆನ್ನೆ ಸುಡುತ್ತಿತ್ತು. ಕಾರ್ಖಾನೆಯಲ್ಲಿ ಎಷ್ಟು ಎಂಜಿನಿಯರುಗಳ ತಪ್ಪನ್ನು ಅವಳು ಯಾರಿಗೂ ಹೇಳದೆ ತಿದ್ದಿಲ್ಲ! ತಿದ್ದಿದ್ದಕ್ಕೆ ಅವರು ರುಜು ಹಾಕಿದರು, ಬಡ್ತಿ ಪಡೆದರು. ಈಗಲೂ ಹಾಗೆಯೇ ಮಾಡಬಹುದಿತ್ತು. ವೈರ್ ಎಳೆಯಲು ಬರುವ ಬಂಡೆಪ್ಪನ ಕಿವಿಯಲ್ಲಿ ಒಂದು ಮಾತು ಉಸುರಿದರೆ ಅವನು ಪಂಪನ್ನು ಸೀದಾ ಬ್ಯಾಟರಿಗೆ ಕೂಡಿಸಿಬಿಡುತ್ತಿದ್ದ. ದೋಣಿ ತೇಲುತ್ತಿತ್ತು, ಗಂಡನ ಮಾತೂ ಉಳಿಯುತ್ತಿತ್ತು.

ಉಸುರಲಿಲ್ಲ. ಗಂಡ ಹೇಳಿದಂತೆಯೇ ಹೊಸ ಹಾಳೆ ಬರೆದು, ಮೊದಲ ಚೌಕದಲ್ಲಿ ತನ್ನ ಹೆಸರು ಹಾಕಿ, ಅವನ ರುಜು ಪಡೆದು ಬಂಡೆಪ್ಪನಿಗೆ ಕಳಿಸಿದಳು. ಹಳೆಯದನ್ನು ಹರಿಯಲಿಲ್ಲ. ಅವಳ ವಿಭಾಗದಲ್ಲಿ ಬದಲಾದ ನಕ್ಷೆಯನ್ನು ಹರಿಯುವ ರೂಢಿಯಿಲ್ಲ. ಮೇಲೆ 'ರದ್ದು' ಎಂದು ಬರೆದು, ಸುರುಳಿ ಸುತ್ತಿ ಕಪಾಟಿನಲ್ಲಿಟ್ಟಳು.

ದೋಣಿ ನೀರಿಗಿಳಿದ ಮುಂದಿನ ತಿಂಗಳು ನಾದಿನಿಯ ಮಗಳ ಮದುವೆಗೆ ಬಳ್ಳಾರಿಗೆ ಹೊರಟರು. ಹೊರಡುವ ಮುಂಚೆ ವೀರಭದ್ರಪ್ಪ ಕೆರೆಗೆ ಹೋಗಿ ಬಂದು, "ಮೇನ್ ಇಳಿಸಿ ಬಂದೆ" ಎಂದ ನೆಮ್ಮದಿಯಿಂದ. ಆಮೇಲೆ ಮನೆಯದನ್ನೂ ಇಳಿಸಿದ.

ಅತ್ತ ಅವರು ಮದುವೆಯಲ್ಲಿದ್ದ ನಾಲ್ಕು ದಿನ ಇತ್ತ ಹೈದರಾಬಾದಿನಲ್ಲಿ ಬಿಡದೆ ಮಳೆ ಸುರಿಯಿತು. ಕಾಚಿಗೂಡದಲ್ಲಿ ಇಳಿದರೆ ಅಮರೇಶಪ್ಪ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದ. ಮೂವರೂ ಆಟೋದಲ್ಲಿ ಸೀದಾ ಕೆರೆಗೆ ಹೋದರು. ಕಟ್ಟಿದ ಜಾಗದಲ್ಲಿ ದೋಣಿಯ ಕಂಬವೊಂದೇ ನೀರಿನಿಂದ ಓರೆಯಾಗಿ ಮೇಲೆದ್ದಿತ್ತು. ಕಾವಲುಗಾರ, "ಮೋಟಾರ್ ತಿರಗಲೇದು ಸಾರೂ," ಎಂದು ತೆಲುಗಿನಲ್ಲಿ ಹೇಳುತ್ತ, ಪಂಪು ತಿರುಗಲಿಲ್ಲವೆಂಬುದನ್ನು ಬೆರಳಾಡಿಸಿ ತೋರಿಸಿದ.

ದಂಡೆಯ ಮೇಲೆ ನಾಲ್ಕಾರು ಜನ ಸೇರಿದ್ದರು. ಒಬ್ಬರು, "ವೈರಿಂಗ್ ಕಿಸ್ನೆ ಕಿಯಾ?" ಎಂದು ಅದನ್ನು ಮಾಡಿದವರು ಯಾರೆಂದು ಹಿಂದಿಯಲ್ಲಿ ಕೇಳಿದರು.

ವೀರಭದ್ರಪ್ಪ ತಿರುಗಿ ನೋಡದೆಯೇ ಹೆಬ್ಬೆರಳನ್ನು ಹಿಂದೆ ನಿಂತಿದ್ದ ಹೆಂಡತಿಯತ್ತ ತೋರಿಸಿದ. "ಮೇರಿ ಮಿಸೆಸ್ ಕಾ ಡ್ರಾಯಿಂಗ್." ಆಮೇಲೆ ಗೆಳೆಯನಿಗೆ ಕನ್ನಡದಲ್ಲಿ, "ಕೆಳಗ ಹೆಸರ ಐತಲ್ಲೋ, ಇಕೀದು!"

ವನಜಾ ಮದುವೆಯ ಬುತ್ತಿಯ ಗಂಟನ್ನು ಅವನ ಕಾಲ ಬಳಿ ಕುಕ್ಕಿ, ಆಟೋ ಹತ್ತಿ ಒಬ್ಬಳೇ ಮನೆಗೆ ಬಂದಳು.

ಮಧ್ಯಾಹ್ನ ಗೆಳೆಯರಿಬ್ಬರೂ ಕೆಸರುಗಾಲಲ್ಲಿ ಬಂದಾಗ ರದ್ದಾದ ನಕ್ಷೆಯ ಸುರುಳಿ ಊಟದ ಮೇಜಿನ ಮೇಲೆ ಬಿಚ್ಚಿಕೊಂಡಿತ್ತು. ನಾಲ್ಕು ಮೂಲೆಗೂ ನಾಲ್ಕು ಲೋಟ. ನಡುವೆ ಕೆಂಪು ಗೀಟು, ತಾರೀಖು, ರುಜು.

"ಓದ್ರಿ, ಅಮರೇಶಪ್ಪಾರ," ಎಂದಳು. ದನಿ ಏರಿತ್ತು. "ಜೋರಾಗಿ ಓದ್ರಿ. ಅಲ್ಲಿ ದಂಡಿ ಮ್ಯಾಲ ಹೇಳಿದಷ್ಟ ಜೋರಾಗಿ."

ಅಮರೇಶಪ್ಪ ಓದಿದ. "ಪಂಪು... ಮೇನಿನ ನಂತರ." ಆಮೇಲೆ, "ಅಕ್ಕಾರ, ಅವತ್ತ ನಾನೂ ನಕ್ಕೆ," ಎಂದು ತಲೆ ತಗ್ಗಿಸಿದ.

"ಆತು ಬಿಡು ಈಗ," ಎಂದ ವೀರಭದ್ರಪ್ಪ. "ಮಂದಿ ಮುಂದ ಬಾಯಿಗೆ ಬಂದದ್ದು ಅಂದ್ನಿ."

"ಮಂದಿ ಮುಂದ ಅಂದದ್ದನ್ನ ಮನ್ಯಾಗ ಬಿಡಾಕ ಬರೂದಿಲ್ರಿ. ನಾಳೆ ಕೆರಿಗೆ ಹೋಗೂಣು. ಕಾವಲುಗಾರನಿಗೂ ಹೇಳ್ರಿ, ಆ ಹಿಂದಿ ಮಂದಿಗೂ ಹೇಳ್ರಿ. ಅಲ್ಲೀತನಾ ನಾ ಈ ದೋಣಿಗೆ ಗೆರಿ ಎಳಿಯೂದಿಲ್ಲ."

ಗೆರೆ ಹೊಡೆದು ಹಾಕಿದ್ದು ತಾನೇ ಎಂದು ಮರುದಿನ ಅವನು ಹೇಳಿದ. ತೆಲುಗಿನಲ್ಲಿ ತೊದಲುತ್ತ, ಹಿಂದಿಯಲ್ಲಿ ಅವಸರ ಮಾಡುತ್ತ. ಕಾವಲುಗಾರ ಬೀಡಿ ಕೆಳಗಿಳಿಸಿ ವನಜಾಳ ಮುಖ ನೋಡಿದ. ಅವಳ ಸಿಟ್ಟು ಇಳಿದಿರಲಿಲ್ಲ.

ದೋಣಿ ಮೇಲೆತ್ತಿ ಒಣಗಿಸಿದ ವಾರ ಅವಳು ಹೊಸ ಹಾಳೆ ಹಾಸಿದಳು. ಬ್ಯಾಟರಿಯಿಂದ ಪಂಪಿನವರೆಗೆ ಒಂದೇ ಎಳೆತದಲ್ಲಿ ಗೆರೆ, ಶಾಯಿಯಲ್ಲಿ. ಮುಗಿಸಿ ಮೇಜಿನ ಮೇಲೆ ಬಿಟ್ಟು ಒಲೆಯ ಕಡೆ ಹೋದಳು. ಅಡುಗೆಮನೆಯಿಂದ ಕಾಣುತ್ತಿತ್ತು: ವೀರಭದ್ರಪ್ಪ ಕನ್ನಡಕ ಹಾಕಿಕೊಂಡು, ಜೇಬಿನಿಂದ ಪೆನ್ನು ತೆಗೆದು ಹಾಳೆಯ ಮೂಲೆಗೆ ಬಗ್ಗಿದ. ಅಲ್ಲಿ ಒಂದೇ ಚೌಕವಿತ್ತು, ಅದರಲ್ಲಿ ವನಜಾಳ ಹೆಸರು ಆಗಲೇ ತುಂಬಿತ್ತು. ಅವನು ಹಾಳೆ ತಿರುಗಿಸಿ ಹಿಂಬದಿ ನೋಡಿದ. ಮತ್ತೆ ಮುಂಬದಿಗೆ ತಿರುಗಿಸಿದ. ಪೆನ್ನಿನ ಟೋಪಿ ಹಾಕುವ ಸಣ್ಣ ಸದ್ದು ಅಡುಗೆಮನೆಯವರೆಗೂ ಕೇಳಿಸಿತು.