ಅಂಗಡಿಯ ಹೂಂ

ಮೂಲೆ ಸಲೂನಿನ ಕತ್ತರಿಯಣ್ಣನಿಗೆ ಎರಡು ಕೆಲಸ ಗೊತ್ತಿತ್ತು. ಒಂದು ಕೂದಲು ಕತ್ತರಿಸುವುದು, ಇನ್ನೊಂದು ಹೂಂಗುಟ್ಟುವುದು. ಮೊದಲನೆಯದನ್ನು ಚೆನ್ನಾಗಿ ಮಾಡುವವರು ಅದೇ ಬೀದಿಯಲ್ಲಿ ಬೇಕಾದಷ್ಟು ಜನ ಇದ್ದರು. ಎರಡನೆಯದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಲಿಫ್ಟ್ ರಿಪೇರಿಯವನು ಕುರ್ಚಿಯಲ್ಲಿ ಕೂತು, ಚಂದ್ರ ಒಳಗೆಲ್ಲ ಟೊಳ್ಳು ಅಂದರೆ ಹೂಂ. ಅವನೆದ್ದ ಮೇಲೆ ಕೂತ ಅಂಚೆಯವನು, ಚಂದ್ರ ಅಂತ ಒಂದಿಲ್ಲವೇ ಇಲ್ಲ, ಅದು ಯಾರೋ ಮೇಲೆ ಬಿಟ್ಟ ದೀಪ ಅಂದರೆ ಅದಕ್ಕೂ ಹೂಂ. ವಾದಕ್ಕಿಳಿದರೆ ಗಿರಾಕಿ ತಲೆ ಅಲ್ಲಾಡಿಸುತ್ತಾನೆ, ತಲೆ ಅಲ್ಲಾಡಿದರೆ ಕಟಿಂಗ್ ಕೆಡುತ್ತದೆ. ಕೆಲಸ ಕಲಿಸಿದ ಗುರು ಅವನ ಕೈಗೆ ಕತ್ತರಿ ಕೊಡುವ ಮುಂಚೆ ಹೇಳಿಕೊಟ್ಟದ್ದೇ ಇದನ್ನು.

ಇವನ ಹೂಂ ಅಂದರೆ ಬಾಯಿಯ ಒಂದು ಸದ್ದು, ಅಷ್ಟೇ. ಅದಕ್ಕೂ ಮನಸ್ಸಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೆ ಆ ವಿಷಯ ಗೋಡೆ ಪಕ್ಕದ ಬೆಂಚಿನ ಮೇಲೆ ಕಾಲು ತೂಗಾಡಿಸುತ್ತ ಕೂತಿರುತ್ತಿದ್ದ ಆರು ವರ್ಷದ ಮಗಳಿಗೆ ಯಾರೂ ಹೇಳಿರಲಿಲ್ಲ. ಅವಳನ್ನು ಎಲ್ಲರೂ ಚೂಟಿ ಅನ್ನುತ್ತಿದ್ದರು. ಅವಳ ಅಮ್ಮ ಶಾಲೆಯ ವ್ಯಾನ್ ಓಡಿಸುತ್ತಿದ್ದಳು. ಮಿಕ್ಕ ಮಕ್ಕಳನ್ನೆಲ್ಲ ಅವರವರ ಮನೆಗೆ ಮುಟ್ಟಿಸಿ ಬರುವ ತನಕ ಚೂಟಿಗೆ ಸಲೂನೇ ಗತಿ.

"ರೀ, ಇವಳು ಇವತ್ತು ವ್ಯಾನಲ್ಲಿ ಚಂದ್ರನ ಬಲ್ಬು ಯಾರು ಬದಲಾಯಿಸ್ತಾರೆ ಅಂತ ಕೇಳಿದ್ಳು," ಅಂದಳು ಹೆಂಡತಿ ಒಂದು ಸಂಜೆ. "ಕೂರಿಸಿಕೊಂಡು ಹೇಳೋಣ. ಜನ ಹೀಗೆಲ್ಲ ಕತೆ ಕಟ್ತಾರೆ, ಯಾವುದನ್ನ ಹೇಗೆ ಪರೀಕ್ಷೆ ಮಾಡಬೇಕು ಅಂತ."

"ಅಷ್ಟು ಚಿಕ್ಕ ಮಗೂಗೆ ಪಿತೂರಿ ಗಿತೂರಿ ಅಂತ ಯಾಕೆ ತಲೆಗೆ ತುಂಬಬೇಕು? ನಾವು ಹೇಳದೇ ಇದ್ರೆ ಅವಳಿಗೆ ಗೊತ್ತೇ ಆಗಲ್ಲ."

"ನಾವು ಹೇಳೋದೇನು ಬಂತು? ಅವಳು ನಿಮ್ಮ ಬೆಂಚಲ್ಲೇ ಕೂತು ಡಿಗ್ರಿ ಮುಗಿಸಿದಾಳೆ."

ಕತ್ತರಿಯಣ್ಣ ಅಭ್ಯಾಸಬಲದಿಂದ ಹೂಂ ಅಂದ. ಮಾತು ಅಲ್ಲಿಗೇ ನಿಂತಿತು.

ಆಮೇಲೆ ಚೂಟಿಗೆ ಹೊಟ್ಟೆನೋವು ಶುರುವಾಯಿತು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ನಾಲಿಗೆ ನೋಡಿ, ಈ ಮಗು ಸರಿಯಾಗಿ ನೀರೇ ಕುಡಿಯುತ್ತಿಲ್ಲ, ಹೀಗೇ ಬಿಟ್ಟರೆ ಕಷ್ಟ ಅಂದರು. ಮನೆಗೆ ಬಂದು ಅಮ್ಮ ಶಾಲೆಯ ಬ್ಯಾಗು ತೆಗೆದು ನೋಡಿದರೆ ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ಇತ್ತು.

"ಯಾಕಮ್ಮ ಕುಡಿದಿಲ್ಲ?"

"ಊರ ನೀರಿನ ಟ್ಯಾಂಕಿಗೆ ಮಂಕು ಔಷಧಿ ಹಾಕ್ತಾರೆ," ಅಂದಳು ಚೂಟಿ, ಎರಡು ಕೂಡಿಸು ಎರಡು ನಾಲ್ಕು ಅನ್ನುವಷ್ಟು ಸಲೀಸಾಗಿ. "ಕುಡಿದೋರು ಪ್ರಶ್ನೆ ಕೇಳೋದು ಮರೆತುಬಿಡ್ತಾರೆ. ಜವಳಿ ಅಂಗಡಿ ತಾತ ಹೇಳಿದ್ರು. ಅಪ್ಪನೂ ಹೂಂ ಅಂದ." ಆಮೇಲೆ ಅಪ್ಪನ ಕಡೆ ತಿರುಗಿ ಗುಟ್ಟು ಹೇಳುವ ದನಿಯಲ್ಲಿ, "ನಿನ್ನ ಬಾಟ್ಲಿ ನೀರೂ ನಾನೇ ಚೆಲ್ಲಿಬಿಡ್ತಿದ್ದೆ. ನಿಂಗೆ ಮಂಕು ಹಿಡೀಬಾರದು ಅಂತ," ಅಂದಳು.

ಅಂಗಡಿಯ ಬಾಟಲಿ ಬೇಗಬೇಗ ಖಾಲಿಯಾಗುತ್ತಿದ್ದುದನ್ನು ನೋಡಿ ತನಗೇ ದಾಹ ಜಾಸ್ತಿಯಾಗಿದೆ ಅಂದುಕೊಂಡಿದ್ದ ಕತ್ತರಿಯಣ್ಣ. ಮಗು ತಾನು ಬಾಯಾರಿ ಒಣಗುತ್ತ ಅಪ್ಪನನ್ನು ಕಾಯುತ್ತಿತ್ತು. ಅವನಿಗೆ ನಗುವೂ ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಅಮ್ಮ ಒಂದು ಲೋಟ ನೀರು ಮುಂದಿಟ್ಟು ಅವಳನ್ನು ಎದುರಿಗೆ ಕೂರಿಸಿಕೊಂಡಳು. "ಔಷಧಿ ಹಾಕೋನಿಗೂ ಮನೆ ಇರುತ್ತೆ, ಅಲ್ವಾ? ಅವನ ಮಕ್ಕಳು ಯಾವ ನೀರು ಕುಡೀತಾರೆ? ಹಾಕಿದ್ದನ್ನ ಯಾರು ನೋಡಿದ್ರು? ನೋಡಿದೋರು ಯಾಕೆ ಸುಮ್ಮನಿದಾರೆ? ಇಷ್ಟು ಕೇಳಬೇಕು ಕಂದ."

ಚೂಟಿ ಯೋಚಿಸಿದಳು. ಪ್ರಶ್ನೆಗಳು ಅವಳಿಗೆ ಇಷ್ಟವಾದವು, ಮುಖದಲ್ಲೇ ಕಾಣುತ್ತಿತ್ತು. ಆದರೂ ಲೋಟ ಮುಟ್ಟಲಿಲ್ಲ. "ಅಪ್ಪ ಹೂಂ ಅಂದನಲ್ಲ," ಅಂದಳು.

"ಅದು ಅಂಗಡಿಯ ಹೂಂ ಕಣಮ್ಮ," ಅಂದ ಕತ್ತರಿಯಣ್ಣ. "ಗಿರಾಕಿಗೆ ಬೇಜಾರಾಗಬಾರದು ಅಂತ ಹಾಗೆ ಅಂತೀನಿ. ನೀರಲ್ಲಿ ಏನೂ ಇಲ್ಲ."

"ಅಲ್ಲಿ ತಾತಂಗೆ ಬೇಜಾರಾಗಬಾರದು ಅಂತ ಹೂಂ ಅಂದೆ. ಇಲ್ಲಿ ಅಮ್ಮಂಗೆ ಬೇಜಾರಾಗಬಾರದು ಅಂತ ಇಲ್ಲ ಅಂತಿದೀಯ. ತಾತನ ಮುಂದೆ ಹೇಳು, ಆಮೇಲೆ ಕುಡೀತೀನಿ."

ಹೆಂಡತಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಕತ್ತರಿಯಣ್ಣನಿಗೆ ಮಾತ್ರ ಬೆವರು ಕಿತ್ತುಕೊಂಡು ಬಂತು. ಜವಳಿ ಸಾಹುಕಾರರೆಂದರೆ ಸಾಮಾನ್ಯ ಗಿರಾಕಿಯಲ್ಲ. ಅವರ ಮಕ್ಕಳು, ಅಳಿಯಂದಿರು, ಅಂಗಡಿಯ ಹುಡುಗರು, ಎಲ್ಲರ ತಲೆಯೂ ಅವರ ಹಿಂದೆಯೇ ಬರುತ್ತಿತ್ತು. ಅವರು ಮುನಿಸಿಕೊಂಡರೆ ಅರ್ಧ ಬೀದಿಯ ಕೂದಲು ಎದುರು ಸಲೂನಿಗೆ ಹೋಗುವುದು ಖಂಡಿತ.

ಮಾರನೆಯ ದಿನ ಶಾಲೆಗೆ ರಜ. ಸಾಹುಕಾರರು ಬಂದರು, ಕಟಿಂಗ್ ಮಾಡಿಸಿಕೊಂಡರು, ಶೇವಿಂಗಿಗೆ ಕತ್ತು ಹಿಂದಕ್ಕೆ ಚಾಚಿದರು. ಕತ್ತರಿಯಣ್ಣ ನೊರೆ ಹಚ್ಚಿ ಬಲಗೆನ್ನೆ ಮುಗಿಸಿದ. ಇವತ್ತಾದರೂ ಬರೀ ಹವೆ, ಸೆಕೆ ಮಾತಾಡಿಕೊಂಡು ಎದ್ದುಹೋಗಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡ. ಬೆಂಚಿನ ಮೇಲಿನ ಎರಡು ಕಣ್ಣು ಕನ್ನಡಿಯೊಳಗಿನಿಂದ ಅವನನ್ನೇ ನೋಡುತ್ತಿದ್ದವು.

"ನೋಡಿದ್ಯಾ," ಅಂದರು ಸಾಹುಕಾರರು, "ನಿನ್ನೆ ಬಸ್ ಚಾರ್ಜು ಏರಿಸಿದ್ರು, ಒಬ್ಬನಾದ್ರೂ ತುಟಿ ಬಿಚ್ಚಿದನಾ? ನಾನು ಹೇಳಲಿಲ್ವಾ, ಎಲ್ಲ ಆ ಟ್ಯಾಂಕಿನ ಔಷಧಿ ಮಹಿಮೆ."

ಕತ್ತರಿಯಣ್ಣನ ಬಾಯಿ ತಾನಾಗಿಯೇ ಹೂಂ ಅನ್ನಲು ಹೊರಟಿತ್ತು. ಅವನು ಅದನ್ನು ನುಂಗಿಕೊಂಡು, ರೇಜರನ್ನು ಸಾಹುಕಾರರ ಕತ್ತಿನಿಂದ ಮೊದಲು ದೂರ ತೆಗೆದ.

"ಇಲ್ಲ ಸಾಹುಕಾರ್ರೆ," ಅಂದ. "ಅದು ನಿಜ ಅಲ್ಲ."

ಸಾಹುಕಾರರು ಅರ್ಧ ಮುಖದ ನೊರೆಯ ಸಮೇತ ಎದ್ದು ಕೂತರು. "ಏನಂದೆ?"

"ನೀರಲ್ಲಿ ಏನೂ ಹಾಕಿಲ್ಲ ಅಂದೆ."

"ಮತ್ತೆ ಇಷ್ಟು ದಿನ ಹೂಂ ಅಂತಿದ್ಯಲ್ಲೋ?"

"ಅದು ಕೆಲಸದ ಹೂಂ. ನಿಮ್ಮ ಮಾತು ನಾನು ನಂಬಿದೀನಿ ಅಂತ ನನ್ನ ಮಗಳು ನೀರು ಬಿಟ್ಟಿದಾಳೆ. ತಪ್ಪು ನಂದು, ನಿಮ್ಮದಲ್ಲ."

ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಬಿಳಿ. ಹಾಗೆ ಕೋಪಿಸಿಕೊಂಡು ಬೀದಿಗಿಳಿಯುವುದು ಎಂಥ ಸಾಹುಕಾರರಿಗೂ ಆಗದ ಮಾತು. ಅವರು ಅಲ್ಲೇ ಕೂತು ಉಸಿರು ಬಿಟ್ಟರು.

"ತಾತ," ಅಂದಳು ಚೂಟಿ ಮೆಲ್ಲಗೆ, "ಔಷಧಿ ಹಾಕಿದ್ದನ್ನ ನೀವು ನೋಡಿದ್ರಾ?"

"ನಾನಲ್ಲಮ್ಮ. ನನ್ನ ಷಡ್ಡಕ ಹೇಳಿದ."

"ಅವರು ನೋಡಿದ್ರಾ?"

"ಅವನಿಗೆ ಯಾರೋ ಮೊಬೈಲಿಗೆ ಕಳಿಸಿದ್ರಂತೆ."

"ಮತ್ತೆ ನೀವು ಬಂದಾಗಲೆಲ್ಲ ಇಲ್ಲಿ ನೀರು ಇಸ್ಕೊಂಡು ಕುಡೀತೀರಲ್ಲ, ಅದು ಯಾವ ಟ್ಯಾಂಕಿಂದು?"

"ಮಾತಾಡಿ ಮಾತಾಡಿ ಬಾಯಾರುತ್ತಲ್ಲಮ್ಮ," ಅಂದರು ಸಾಹುಕಾರರು. ಪಾಪ, ಅದಂತೂ ನಿಜವೇ ಆಗಿತ್ತು.

ಕತ್ತರಿಯಣ್ಣ ಎಡಗೆನ್ನೆ ಮುಗಿಸಿದ. ಸಾಹುಕಾರರು ಬಟ್ಟೆ ಕೊಡವಿಕೊಂಡು ಬಾಗಿಲವರೆಗೆ ಹೋದರು. ಹೋಯಿತು, ಅರ್ಧ ಬೀದಿ ಹೋಯಿತು ಅಂದುಕೊಂಡ ಕತ್ತರಿಯಣ್ಣ. ಅಷ್ಟರಲ್ಲಿ ಅವರು ತಿರುಗಿ ನಿಂತರು.

"ನನ್ನ ಬೈತಲೆ ಚೆನ್ನಾಗಿದೆಯಾ ಅಂತ ಪ್ರತಿ ಸಲ ಕೇಳ್ತಿದ್ದೆ. ನೀನು ಅದಕ್ಕೂ ಹೂಂ ಅಂತಿದ್ದೆ."

ಕತ್ತರಿಯಣ್ಣ ಬಾಚಣಿಗೆ ತಿರುವಿದ. ಒಂದು ನಿಜ ಹೇಳಿಯಾಗಿತ್ತು, ಇನ್ನೊಂದಕ್ಕೆ ಯಾಕೆ ಜಿಪುಣತನ? "ಬೋಳಾಗಿರೋ ಜಾಗ ಸರಿಯಾಗಿ ಎದ್ದು ಕಾಣುತ್ತೆ ಸಾಹುಕಾರ್ರೆ. ಬೈತಲೆ ಆ ಕಡೆಗೆ ತೆಗೆದು, ಮೇಲೆ ಸ್ವಲ್ಪ ಗಿಡ್ಡ ಮಾಡಿದ್ರೆ ಒಪ್ಪುತ್ತೆ."

ಸಾಹುಕಾರರು ಅವನನ್ನು ಕೆಕ್ಕರಿಸಿ ನೋಡಿದರು. ಆಮೇಲೆ ಬಂದು ಧೊಪ್ಪನೆ ಕುರ್ಚಿಯಲ್ಲಿ ಕೂತರು. "ಮಾಡು ಹಾಗಾದ್ರೆ. ಇಷ್ಟು ವರ್ಷ ಬೆಪ್ಪನ ಹಾಗೆ ತಿರುಗಾಡಿಸಿದೀಯ." ಮುಗಿದ ಮೇಲೆ ಕನ್ನಡಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿಕೊಂಡು, ಅಳಿಯನನ್ನು ಸಂಜೆ ಕಳಿಸುತ್ತೇನೆ, ಅವನಿಗೂ ಇದ್ದದ್ದು ಇದ್ದ ಹಾಗೆ ಹೇಳು ಅಂದು ಹೋದರು. ನೀರಿನ ವಿಷಯ ಅವರು ಬಿಟ್ಟರೋ ಇಲ್ಲವೋ ಗೊತ್ತಾಗಲಿಲ್ಲ.

ಚೂಟಿ ಬೆಂಚಿನಿಂದ ಇಳಿದು, ನೀರಿನ ಲೋಟ ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿದಳು. ಇನ್ನೊಂದು ಬಗ್ಗಿಸಿಕೊಂಡು ಅದನ್ನೂ ಕುಡಿದಳು. ನೋಡುತ್ತ ನಿಂತ ಕತ್ತರಿಯಣ್ಣನ ಎದೆ ಹಗುರವಾಯಿತು. ಹೆಂಡತಿ ಹೇಳಿದ್ದೇ ಸರಿ, ಮೊದಲೇ ಹೇಳಿಕೊಡಬೇಕಿತ್ತು ಅಂದುಕೊಂಡ. ಅಂತೂ ಪಾಠ ಮುಗಿಯಿತಲ್ಲ.

"ಅಪ್ಪಾ," ಅಂದಳು ಅವಳು ಬಾಯಿ ಒರೆಸಿಕೊಂಡು. "ನಾನು ಶಾಲೆ ಸುದ್ದಿ ಹೇಳುವಾಗ ನೀನು ಮೊಬೈಲ್ ನೋಡ್ತಾ ಹೂಂ ಹೂಂ ಅಂತೀಯಲ್ಲ. ಅದು ಯಾವ ಹೂಂ?"

ಬಾಗಿಲಲ್ಲಿ ಲಿಫ್ಟ್ ರಿಪೇರಿಯವನು ಬಂದು ನಿಂತಿದ್ದ. ಕತ್ತರಿಯಣ್ಣ ಒಳ್ಳೆಯ ಸುಳ್ಳೊಂದನ್ನು ಹುಡುಕಿದ. ಎದುರಿಗಿದ್ದ ಮುಖ ನೋಡಿ ಬಿಟ್ಟುಬಿಟ್ಟ.

"ಅಂಗಡೀದು," ಅಂದ.

ಚೂಟಿ ಅಳಲಿಲ್ಲ, ಕೋಪವನ್ನೂ ಮಾಡಿಕೊಳ್ಳಲಿಲ್ಲ. ಲೆಕ್ಕ ಸರಿಹೋದವರ ಹಾಗೆ ತಲೆಯಾಡಿಸಿದಳು. "ನಂಗೆ ಅನ್ನಿಸಿತ್ತು," ಅಂದಳು. "ಹಾಗಾದ್ರೆ ಎಲ್ಲಾ ಇನ್ನೊಂದು ಸಲ ಹೇಳ್ತೀನಿ."

ಕತ್ತರಿಯಣ್ಣ ಲಿಫ್ಟಿನವನಿಗೆ ಸ್ವಲ್ಪ ಹೊತ್ತು ಬಿಟ್ಟು ಬಾ ಅಂದ, ಕತ್ತರಿ ಕೆಳಗಿಟ್ಟ, ಬೆಂಚಿನ ಮೇಲೆ ಕೂತ. ಮಗಳು ದೊಡ್ಡ ಕುರ್ಚಿಗೆ ಹತ್ತಿ, ಅವನ ಕಡೆ ತಿರುಗಿಸಿಕೊಂಡು, ಶಾಲೆಗೆ ಸೇರಿದ ಮೊದಲನೇ ದಿನದಿಂದ ಶುರುಮಾಡಿದಳು.