ಅಗಸಿ ಹಿಂಡಿಯ ಅಂಕಿಅಂಶ

ಪಂಚಶೀಲಾಳ ಕೆಲಸ ಏನೆಂಬುದು ಅವಳ ತಾಯಿಗೇ ಸರಿಯಾಗಿ ತಿಳಿದಿರಲಿಲ್ಲ. ಕೇಳಿದವರಿಗೆಲ್ಲ ಮಗಳು ವಿಮಾದಾಗ ಅದಾಳ ಎಂದು ಹೇಳಿ ಮುಗಿಸುತ್ತಿದ್ದಳು. ಆಳಂದ, ಅಫಜಲಪುರ, ಜೇವರ್ಗಿಯ ಬೇಳೆ ಮಿಲ್ಲು, ಹತ್ತಿ ಮಿಲ್ಲುಗಳ ಮಾಲಕರು ಕೂಡಿ ತಮ್ಮ ಕೆಲಸಗಾರರಿಗೆ ಒಂದು ಆರೋಗ್ಯ ಯೋಜನೆ ಮಾಡಿದ್ದರು. ಅದರಲ್ಲಿ ಯಾವ ಚಿಕಿತ್ಸೆಗೆ ಖರ್ಚು ಕೊಡಬೇಕು, ಯಾವ ಔಷಧಿ ಸೇರಬೇಕು ಎಂದು ಸಲಹೆ ಕೊಡುವವಳು ಪಂಚಶೀಲಾ. ಮಾಲಕರ ಮುಖಂಡ ಆಳಂದದ ಮಾಳಿಂಗಪ್ಪ ಸಾವಕಾರರು. ಮನುಷ್ಯ ಒಳ್ಳೆಯವರು, ಆದರೆ ಬಣ್ಣದ ಚಿತ್ರ ಕಂಡರೆ ಕರಗಿಬಿಡುವವರು.

ಹೀಗಿರುವಾಗ ಔಷಧ ಕಂಪನಿಯ ಕಲ್ಯಾಣಕುಮಾರ ಮಿಲ್ಲಿನ ಆಫೀಸಿಗೆ ಬಂದ. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಲ್ಯಾಪ್‌ಟಾಪು. ತಮ್ಮ ಹೊಸ ಬಿ.ಪಿ. ಗುಳಗಿ ನುಂಗಿದವರಿಗೆ ಲಕ್ವಾ ಹೊಡೆಯುವುದು ಅರ್ಧಕ್ಕರ್ಧ ಕಡಿಮೆಯಾಗಿದೆ, ಹಳೆಯ ಗುಳಗಿ ಇನ್ನು ಮೂಲೆಗೆ ಎಂದು ಗೋಡೆಯ ಮೇಲೆ ಎರಡು ಕಂಬಗಳ ಬಣ್ಣದ ನಕ್ಷೆ ತೋರಿಸಿದ. ಹಳೆಯದರ ಕಂಬ ಮಾಳಿಗೆ ಮುಟ್ಟುವಷ್ಟು ಎತ್ತರ, ಹೊಸದರದು ಅದರ ಸೊಂಟದ ಮಟ್ಟ.

ಎಷ್ಟು ಜನರಲ್ಲಿ ಎಷ್ಟು ಮಂದಿಗೆ, ಎಷ್ಟು ದಿನ ನೋಡಿದ್ದು, ಅಧ್ಯಯನಕ್ಕೆ ದುಡ್ಡು ಯಾರದು ಎಂದು ಪಂಚಶೀಲಾ ಕೇಳಿದಳು. ಅವನು ನಕ್ಕು ಮುಂದಿನ ಚಿತ್ರಕ್ಕೆ ಹೋದ. ಆಕೆ ಬಿಡಲಿಲ್ಲ, ಆ ಅಧ್ಯಯನವನ್ನು ತಾನೇ ಹುಡುಕಿ ಓದಿದಳು. ಹಳೆಯ ಗುಳಗಿ ನುಂಗಿದ ಸಾವಿರ ಮಂದಿಯಲ್ಲಿ ಇಬ್ಬರಿಗೆ ಲಕ್ವಾ ಹೊಡೆದಿತ್ತು, ಹೊಸದನ್ನು ನುಂಗಿದ ಸಾವಿರದಲ್ಲಿ ಒಬ್ಬರಿಗೆ. ಅಷ್ಟು ಸಣ್ಣ ವ್ಯತ್ಯಾಸ ಆಕಸ್ಮಿಕವೂ ಇರಬಹುದೆಂದು ಬರೆದವರೇ ಒಪ್ಪಿಕೊಂಡಿದ್ದರು. ಇದನ್ನು ಹೇಳಿದರೆ ಸಾವಕಾರರು ಅರ್ಧ ಅಂದರೆ ಅರ್ಧವೇ ಅಲ್ಲವೇ ಎಂದು ಅವಳನ್ನೇ ಸಮಾಧಾನ ಮಾಡಿದರು.

ಪಂಚಶೀಲಾಳಿಗೆ ಸಿಟ್ಟು ಬರಲಿಲ್ಲ, ಕಿಡಿಗೇಡಿತನ ಬಂತು.

ಮುಂದಿನ ಸಭೆಗೆ ಅವಳೂ ಎರಡು ಕಂಬ ತಂದಳು. ಅಫಜಲಪುರದಲ್ಲಿ ತಯಾರಾಗುವ ಒಂದು ಹೊಸ ಪುಡಿಯಿಂದ ಜ್ವರ ಅರ್ಧಕ್ಕರ್ಧ ಇಳಿದಿದೆ ಎಂದು ಗಂಭೀರವಾಗಿ ವಿವರಿಸಿದಳು. ಮಾಲಕರೆಲ್ಲ ಮುಂದಕ್ಕೆ ಬಾಗಿ ನೋಡಿದರು. ಜೇವರ್ಗಿಯವರೊಬ್ಬರು ತಮ್ಮ ಮಿಲ್ಲಿಗೆ ಈ ವಾರವೇ ಬೇಕೆಂದರು. ಆಗ ಅವಳು ಚೀಲದಿಂದ ಭರಣಿ ತೆಗೆದು ಮೇಜಿನ ಮೇಲಿಟ್ಟಳು. ಅದು ಅಫಜಲಪುರದ ನಿಂಬೆವ್ವನ ಖಾನಾವಳಿಯ ಅಗಸಿ ಹಿಂಡಿ, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ. ಆ ಖಾನಾವಳಿಯಲ್ಲಿ ಉಣ್ಣುವ ಮೂವರಲ್ಲಿ ಒಬ್ಬನಿಗೆ ಜ್ವರ ಬಂದಿತ್ತು, ಬೇರೆ ಕಡೆ ಉಣ್ಣುವ ಮೂವರಲ್ಲಿ ಇಬ್ಬರಿಗೆ. ಅಧ್ಯಯನ ಅಂದರೆ ಅಷ್ಟೇ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಸ ಗುಳಗಿಯ ವಿಚಾರವನ್ನು ಮುಂದಿನ ಸಭೆಗೆ ದೂಡಿದರು. ಪಂಚಶೀಲಾ ಗೆದ್ದ ಖುಷಿಯಲ್ಲಿ ಬಸ್ಸು ಹತ್ತಿದಳು.

ಆದರೆ ಯಾರೋ ಆ ಕಂಬಗಳ ಫೋಟೋ ಹೊಡೆದಿದ್ದರು. ಭರಣಿಯದು ಹೊಡೆದಿರಲಿಲ್ಲ.

ವಾರ ಕಳೆಯುವುದರೊಳಗೆ ಮೂರು ತಾಲೂಕಿನ ವಾಟ್ಸಾಪಿನಲ್ಲಿ ಹಿಂಡಿಯೇ ಹಿಂಡಿ. ಔಷಧ ತಜ್ಞೆ ಪಂಚಶೀಲಾ ಮೇಡಂ ಕಂಡುಹಿಡಿದದ್ದು ಎಂಬ ತಲೆಬರಹ ಬೇರೆ. ಸರಸಂಬಾ ತಲುಪುವಷ್ಟರಲ್ಲಿ ಅದು ಜ್ವರದ ಜೊತೆ ಸಕ್ಕರೆ ಕಾಯಿಲೆಯನ್ನೂ ಇಳಿಸುತ್ತಿತ್ತು, ಗೊಬ್ಬೂರಕ್ಕೆ ಬಂದಾಗ ಮೊಣಕಾಲು ನೋವನ್ನೂ. ಪಂಚಶೀಲಾ ಇದು ತಮಾಷೆ ಎಂದು ಉದ್ದುದ್ದ ಬರೆದು ಕಳಿಸಿದಳು. ಯಾರೂ ಮುಂದೆ ಕಳಿಸಲಿಲ್ಲ. ಕಂಪನಿಯವರು ಆಕೆಯ ಬಾಯಿ ಮುಚ್ಚಿಸಿದ್ದಾರೆಂಬ ಹೊಸ ಸುದ್ದಿ ಮಾತ್ರ ಬೇಗ ಹಬ್ಬಿತು.

ಕಲ್ಯಾಣಕುಮಾರ ಫೋನು ಮಾಡಿದ. ದನಿಯಲ್ಲಿ ಸಕ್ಕರೆ ಸುರಿಯುತ್ತಿತ್ತು.

“ಮೇಡಂ, ಹಿಂಡಿ ಎಷ್ಟು ಮಂದಿಗಿ ತಿನ್ನಿಸಿ ನೋಡೀರಿ? ಎಷ್ಟು ದಿನ? ರೊಕ್ಕ ಯಾರು ಕೊಟ್ಟಿದ್ರು?”

ಅವಳೇ ಅವನಿಗೆ ಕೇಳಿದ್ದ ಪ್ರಶ್ನೆಗಳು. ಪಂಚಶೀಲಾ ಫೋನಿಟ್ಟಳು. ಮುಖ ಬಿಸಿಯಾಗಿತ್ತು.

ಅದೇ ದಿನ ಮಾಳಿಂಗಪ್ಪ ಸಾವಕಾರರು ಮಿಲ್ಲಿನಲ್ಲಿ ತಲೆ ತಿರುಗಿ ಕೂತುಬಿಟ್ಟರು. ಡಾಕ್ಟರು ಬಿ.ಪಿ. ನೋಡಿ ಹೌಹಾರಿದರು. ವಿಚಾರಿಸಿದರೆ, ಭರಣಿ ನೋಡಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಈ ದೊಡ್ಡಮನುಷ್ಯರೇ ಗುಳಗಿ ಬಿಟ್ಟು ಹೊತ್ತುಹೊತ್ತಿಗೆ ಹಿಂಡಿ ತಿನ್ನುತ್ತಿದ್ದರು. ಉಪ್ಪು ತುಂಬಿದ ಹಿಂಡಿ.

“ಸಾವಕಾರ್ರೇ, ನಿಮ್ಮ ಕಣ್ಣ ಮುಂದೇ ಹೇಳಿದ್ನಲ್ರಿ, ಅದು ಚೇಷ್ಟಾ ಅಂತ,” ಎಂದಳು ಸುದ್ದಿ ಕೇಳಿ ಓಡಿಬಂದ ಪಂಚಶೀಲಾ.

“ಹೇಳೀರಿ, ಖರೇ ಅದ. ಆದ್ರ ಆಮ್ಯಾಲೆ ಹನ್ನೆರಡು ಮಂದಿ ಕಳಿಸ್ಯಾರಲ್ರಿ. ಅಷ್ಟು ಮಂದಿ ಸುಳ್ಳು ಹೇಳ್ತಾರೇನ್ರಿ?”

ಸಾವಕಾರರು ಮತ್ತೆ ಗುಳಗಿ ಹಿಡಿದರು, ಆರಾಮಾದರು. ಆದರೆ ಅವರಂತೆ ಗುಳಗಿ ಬಿಟ್ಟವರು ಇನ್ನೆಷ್ಟು ಮಂದಿಯೋ ಎಂದು ಪಂಚಶೀಲಾಳಿಗೆ ಅನ್ನ ಸೇರದಾಯಿತು. ನೆಟ್ಟಗೆ ಅಫಜಲಪುರಕ್ಕೆ ಹೋದಳು.

ಖಾನಾವಳಿಯ ಮುಂದೆ ಡಬ್ಬಿ ಹಿಡಿದವರ ಸಾಲು. ಬಾಗಿಲು ಹಾಕಿತ್ತು. ಬೀಗರ ಮನೆಯ ಮದುವೆಗೆ ಹೋಗಿದ್ದಾರೆಂದು ಚೀಟಿ ಅಂಟಿಸಿತ್ತು. ಪಂಚಶೀಲಾ ಹಿತ್ತಲಿನಿಂದ ಒಳಗೆ ಇಣುಕಿದಳು. ಬೀಗರೂ ಇಲ್ಲ, ಮದುವೆಯೂ ಇಲ್ಲ. ನಿಂಬೆವ್ವ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದಳು. ದಿಂಬಿನ ಪಕ್ಕ ಜ್ವರದ ಗುಳಗಿಯ ಹಾಳೆ.

“ಯಾರಿಗೂ ಹೇಳಬ್ಯಾಡ ಯವ್ವಾ,” ಎಂದಳು ನಿಂಬೆವ್ವ. “ಹಿಂಡಿ ಕುಟ್ಟಾಕಿಗೇ ಜ್ವರ ಬಂದಾವಂದ್ರ ನನ್ನ ಮರ್ಯಾದಿ ಏನು ಉಳೀತು?”

ಪಂಚಶೀಲಾಳಿಗೆ ನಗು ತಡೆಯಲಾಗಲಿಲ್ಲ. ಮುದುಕಿಗೂ ನಗು ಬಂತು, ನಗುತ್ತ ಕೆಮ್ಮಿದಳು. ಗಂಜಿ ಕಾಯಿಸಿ ಕುಡಿಸಿದ ಮೇಲೆ ಪಂಚಶೀಲಾ ಎಲ್ಲವನ್ನೂ ಹೇಳಿದಳು: ತನ್ನ ಕಂಬಗಳು, ಸಾವಕಾರರ ತಲೆಸುತ್ತು, ತನ್ನಿಂದಾದ ತಪ್ಪು. ವ್ಯಾಪಾರ ಕೆಡುತ್ತದೆಂದು ನಿಂಬೆವ್ವ ಮುನಿಸಿಕೊಳ್ಳಬಹುದು ಎಂಬ ಅಳುಕಿತ್ತು. ಆದರೆ ನಿಂಬೆವ್ವನ ದುಃಖವೇ ಬೇರೆ.

“ರೊಟ್ಟಿ ಕೇಳವರೇ ಇಲ್ಲ ನೋಡು. ಚಮಚಾ ತಗೊಂಡು ಬರ್ತಾರ, ಕಣ್ಣು ಮುಚ್ಚಿ ನುಂಗ್ತಾರ, ನೀರು ಕುಡೀತಾರ. ರುಚಿ ಹೆಂಗದ ಅಂತ ಒಬ್ಬರರೆ ಅಂದಿಲ್ಲ. ನಲವತ್ತು ವರ್ಷ ಅಡಗಿ ಮಾಡೇನಿ, ಕಷಾಯ ಕಾಸಿಲ್ಲ.”

ಪಂಚಶೀಲಾ ಮೊಬೈಲು ಮುಂದೆ ಹಿಡಿದಳು. ಕಂಬಳಿಯೊಳಗಿಂದಲೇ ನಿಂಬೆವ್ವ ಮಾತಾಡಿದಳು. ತಾನು ಹಿಂಡಿ ಕುಟ್ಟುವ ನಿಂಬೆವ್ವ, ದಿನಾ ತಿನ್ನುತ್ತೇನೆ, ಆದರೂ ಜ್ವರ ಬಂದಿದೆ; ಹಿಂಡಿಯಲ್ಲಿ ಉಪ್ಪು ಬಹಳ, ಬಿ.ಪಿ.ಯವರು ಕೈ ಹಿಡಿದು ತಿನ್ನಬೇಕು, ಡಾಕ್ಟರ ಗುಳಗಿ ಬಿಡಬಾರದು. ಬಿಸಿ ರೊಟ್ಟಿ, ಉಳ್ಳಾಗಡ್ಡಿ ಜೊತೆ ತಿನ್ನುವವರು ಮಾತ್ರ ತನ್ನ ಖಾನಾವಳಿಗೆ ಬರಬೇಕು, ಚಮಚದವರು ಬರಬಾರದು. ಕೊನೆಗೆ ಎರಡು ಸಲ ಸೀನಿದಳು. ಅದನ್ನು ಪಂಚಶೀಲಾ ಕತ್ತರಿಸಲಿಲ್ಲ.

ಬಹುಶಃ ಆ ಸೀನಿಗಾಗಿಯೇ ವಿಡಿಯೋ ಫೋಟೋಗಿಂತ ಜೋರಾಗಿ ಓಡಿತು. ಸಾಲು ಕರಗಿತು. ಅಲ್ಲಲ್ಲಿ ಕೆಲವರು ಈಗಲೂ ಹಿಂಡಿಯನ್ನು ನಂಬುತ್ತಾರೆ, ಪಂಚಶೀಲಾ ಎದುರಾದರೆ ಗುಟ್ಟಾಗಿ ಕಣ್ಣು ಮಿಟುಕಿಸುತ್ತಾರೆ.

ಮುಂದಿನ ಸಭೆಗೆ ಅವಳು ಕಂಬಗಳನ್ನು ತರಲಿಲ್ಲ. ಮಿಲ್ಲಿನಿಂದಲೇ ಎರಡು ಮೊರ ತರಿಸಿ ಎರಡರಲ್ಲೂ ಸಾವಿರ ಸಾವಿರ ತೊಗರಿ ಕಾಳು ಹರವಿದಳು. ಒಂದರಲ್ಲಿ ಎರಡು ಕಾಳಿಗೆ ಕುಂಕುಮ ಹಚ್ಚಿತ್ತು, ಇನ್ನೊಂದರಲ್ಲಿ ಒಂದಕ್ಕೆ. ಒಂದು ಹಳೆಯ ಗುಳಗಿ, ಒಂದು ಹೊಸದು. ಯಾವುದು ಯಾವುದು ಎಂದು ಹೇಳಿರೆಂದು ಕೇಳಿದಳು. ಮಾಳಿಂಗಪ್ಪ ಸಾವಕಾರರು ಕನ್ನಡಕ ಏರಿಸಿ ಬಾಗಿದರು. ಕಲ್ಯಾಣಕುಮಾರನೂ ಇಣುಕಿದ. ಇಬ್ಬರೂ ಬೆರಳಿನಿಂದ ಕಾಳು ಸರಿಸುತ್ತ ಹೋದರು.

“ಇಷ್ಟಕ್ಕ ಅಷ್ಟು ದೊಡ್ಡ ಕಂಬ ಎಬ್ಬಿಸಿದ್ದೇನೋ ತಮ್ಮಾ?” ಎಂದು ಸಾವಕಾರರು ತಲೆಯೆತ್ತದೆ ಕೇಳಿದರು.

ಕಲ್ಯಾಣಕುಮಾರ ಇನ್ನೂ ಎರಡನೆಯ ಕೆಂಪು ಕಾಳು ಹುಡುಕುತ್ತಿದ್ದ.